ಸೊಳ್ಳೆ ಬತ್ತಿಯನ್ನು ಎದುರಿನಿಂದ ನೋಡಿ: ಕಾಕ್ಲಿಯರ್ ಇಂಪ್ಲಾಂಟ್ ಎಕ್ಸ್‌ರೇ ತೆಗೆಯುವ, ಓದುವ ಬಗೆ

ಒಂದು ಸೊಳ್ಳೆ ಬತ್ತಿ ತಗೊಳ್ಳಿ. ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನ ಕಡೆಯಿಂದ ನೋಡಿ. ಏನು ಕಾಣುತ್ತದೆ? ಒಂದು ಹಸಿರು ಗೀಟು, ಅಷ್ಟೇ. ಈಗ ಅದನ್ನೇ ಮುಖಕ್ಕೆ ಎದುರಾಗಿ ತಿರುಗಿಸಿ. ಎಷ್ಟು ಸುತ್ತಿದೆ, ಎಲ್ಲಿ ಮುರಿದಿದೆ, ಒಳತುದಿ ಎಲ್ಲಿದೆ, ಎಲ್ಲ ಕಾಣುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಕೇಳಿಸಲೆಂದು ಆಪರೇಷನ್ ಮಾಡಿ ಒಳಗಿವಿಗೆ ಹಾಕುವ ಸಾಧನ) ಎಕ್ಸ್‌ರೇಯ ಮುಕ್ಕಾಲು ಪಾಲು ವಿದ್ಯೆ ಇಷ್ಟೇ. ನಮ್ಮ ವಿಭಾಗಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನನ್ನ ಮೊದಲ ದಿನದ ಪಾಠವೂ ಇದೇ. ಅದಕ್ಕೆಂದೇ ಒಂದು ಬತ್ತಿ ನನ್ನ ಡ್ರಾಯರ್‌ನಲ್ಲಿ ಬಿದ್ದಿರುತ್ತದೆ.

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ 19 ವರ್ಷದಿಂದ ಎಕ್ಸ್‌ರೇ, ಸಿಟಿ ಸ್ಕ್ಯಾನ್ ತೆಗೆಯುತ್ತಿದ್ದೇನೆ. ಡಾಕ್ಟರಲ್ಲ. ರಿಪೋರ್ಟಿಗೆ ಸಹಿ ಹಾಕುವವರು ರೇಡಿಯಾಲಜಿಸ್ಟ್. ಆದರೆ ಫಿಲ್ಮೇ ಸರಿಯಾಗಿ ಬರದಿದ್ದರೆ ಅವರಾದರೂ ಏನನ್ನು ಓದುತ್ತಾರೆ, ಅಲ್ವಾ? ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲೇ ಇರುವುದರಿಂದ ಕಿವಿ ಕೇಳದ ಮಕ್ಕಳ ಫೈಲುಗಳು ನಮ್ಮೂರಲ್ಲಿ ಸ್ವಲ್ಪ ಜಾಸ್ತಿಯೇ ಓಡಾಡುತ್ತವೆ. ಹಾಗಾಗಿ ಕೈ ಪಳಗಿದೆ. ಈ ಕೆಲಸ ಕಲಿಯುತ್ತಿರುವವರಿಗೆ, ಆಡಿಯಾಲಜಿ (ಶ್ರವಣ ವಿಜ್ಞಾನ) ಓದುತ್ತಿರುವವರಿಗೆ, ಮಗುವಿನ ಫಿಲ್ಮ್ ಕೈಯಲ್ಲಿ ಹಿಡಿದು ಇದರಲ್ಲಿ ಏನಿದೆ ಎಂದು ಯೋಚಿಸುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ.

ನಾವು ಹುಡುಕುತ್ತಿರುವುದು ಏನನ್ನು

ಕಾಕ್ಲಿಯಾ ಅಂದರೆ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಮೂಳೆಯ ಕೊಳವೆ. ಸುಮಾರು ಎರಡೂವರೆ ಸುತ್ತು. ಬುಡದಲ್ಲಿ ಅಗಲ 9 ಮಿ.ಮೀ. ಆಸುಪಾಸು, ಒಂದು ಕಾಬೂಲ್ ಕಡಲೆಯಷ್ಟು. ಅದರೊಳಗೆ ಸರ್ಜನ್ ಒಂದು ತೆಳು ಸಿಲಿಕೋನ್ ತಂತಿ ತೂರಿಸುತ್ತಾರೆ. ತಂತಿಯ ಮೇಲೆ ಪ್ಲಾಟಿನಂ ಚುಕ್ಕಿಗಳಿವೆ. ಅವೇ ಎಲೆಕ್ಟ್ರೋಡ್‌ಗಳು. ಎಕ್ಸ್‌ರೇಯಲ್ಲಿ ಬೆಳ್ಳಗೆ ಸಾಲಾಗಿ ಕಾಣುವುದು ಇವೇ.

ಚಿಪ್ಪಿನ ಬಾಯಿ ಹತ್ತಿರ ಕೀಚಲು ದನಿಗಳ ಜಾಗ. ಒಳಕ್ಕೆ ಹೋದಂತೆ ದಪ್ಪ ದನಿಗಳ ಜಾಗ. ‘ಸ’, ‘ಶ’ ಬಾಗಿಲಲ್ಲಿ ನಿಂತಿರುತ್ತವೆ, ಡೋಲಿನ ಸದ್ದು ಒಳಮನೆಯಲ್ಲಿ. ಆದ್ದರಿಂದ ಯಾವ ಚುಕ್ಕಿ ಎಷ್ಟು ಒಳಗಿದೆ ಎಂಬುದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ.

ಈ ಚಿಪ್ಪಿನ ಕಥೆಗೂ ಒಂದು ನಿಜವಾದ ಚಿಪ್ಪಿಗೂ ನಂಟಿದೆ. ಮೆಲ್ಬರ್ನಿನ ಸರ್ಜನ್ ಗ್ರೇಮ್ ಕ್ಲಾರ್ಕ್ ಅವರಿಗೆ ಸುರುಳಿಯೊಳಕ್ಕೆ ತಂತಿಯನ್ನು ಹೇಗೆ ತೂರಿಸುವುದು ಎಂಬುದೇ ದೊಡ್ಡ ತಲೆನೋವಾಗಿತ್ತು. 1977ರಲ್ಲಿ ಮಿನ್ನಮುರಾ ಎಂಬ ಕಡಲತೀರದಲ್ಲಿ ಕೂತಿದ್ದಾಗ ಒಂದು ಚಿಪ್ಪಿನೊಳಗೆ ಹುಲ್ಲುಗರಿ ತೂರಿಸಿ ನೋಡಿದರು. ಬುಡ ಗಟ್ಟಿಯಿದ್ದು ತುದಿ ಮೆತ್ತಗಿದ್ದ ಗರಿ ಸಲೀಸಾಗಿ ಒಳಹೋಯಿತು. ಮರುವರ್ಷ, 1978ರ ಆಗಸ್ಟ್ 1ರಂದು, ಅನೇಕ ಚುಕ್ಕಿಗಳಿರುವ ತಮ್ಮ ಮೊದಲ ಇಂಪ್ಲಾಂಟ್ ಹಾಕಿದರು. ಮೆತ್ತಗಿನ ತುದಿ ಒಳ್ಳೆಯದೇ, ಆದರೆ ಅದು ಮಡಚಿಕೊಳ್ಳಲೂಬಹುದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಟನ್ ಒತ್ತುವ ಮುಂಚೆ

ದನಿ ಹಿಡಿದು ಒಳಗಿನ ಇಂಪ್ಲಾಂಟಿಗೆ ಕಳಿಸುವ ಹೊರಭಾಗಗಳನ್ನು, ಅಂದರೆ ಕಿವಿಯ ಹಿಂದಿನ ಮೆಷಿನ್ನು, ತಲೆಗೆ ಅಂಟಿದ ಕಾಯಿಲ್ ಎರಡನ್ನೂ ತೆಗೆಸಿ. ಓಲೆ, ಹೇರ್‌ಕ್ಲಿಪ್ಪು, ಕನ್ನಡಕ, ಕೊರಳಿನ ತಾಯತ ಕೂಡ. ತಾಯತ ತೆಗೆಯಲು ಕೆಲವು ಅಜ್ಜಿಯರು ಒಪ್ಪುವುದಿಲ್ಲ. ಬಿಚ್ಚಬೇಡಿ, ಬೆನ್ನಿನ ಕಡೆ ಸರಿಸಿ ಸಾಕು ಎಂದರೆ ಜಗಳವಿಲ್ಲ.

ಈಗ ಒಂದು ವಿಷಯ, ಹೊಸಬರು ತಪ್ಪದೆ ಮರೆಯುವಂಥದ್ದು. ಮೆಷಿನ್ನು ತೆಗೆದ ಕ್ಷಣ ನಿಮ್ಮ ಮುಂದಿರುವವರಿಗೆ ಏನೂ ಕೇಳುವುದಿಲ್ಲ. ನೀವು ಗಾಜಿನ ಆಚೆ ನಿಂತು ಅಲ್ಲಾಡಬೇಡಿ ಎಂದು ಎಷ್ಟು ಕೂಗಿದರೂ ಅಷ್ಟೇ. ನಾನೂ ಶುರುವಿನಲ್ಲಿ ಕೂಗಿದ್ದೇನೆ. ಅವರು ಏನೋ ಹೇಳುತ್ತಿದ್ದಾರೆ ಎಂದು ಪಾಪ ತಲೆಯೆತ್ತಿ ನನ್ನನ್ನೇ ನೋಡಿದರು, ಫಿಲ್ಮ್ ಹೋಯಿತು. ಅದಕ್ಕೆ ಮೆಷಿನ್ನು ತೆಗೆಯುವ ಮುಂಚೆಯೇ ಮಾತಾಡಿಕೊಳ್ಳಿ. ಭುಜ ಒಂದು ಸಲ ತಟ್ಟಿದರೆ ಅಲ್ಲಾಡಬಾರದು, ಎರಡು ಸಲ ತಟ್ಟಿದರೆ ಮುಗಿಯಿತು. ಮಕ್ಕಳ ಜೊತೆ ಇದನ್ನೇ ಆಟದ ತರಹ ಎರಡು ಮೂರು ಬಾರಿ ಆಡಿಸಿ. ಇಂಪ್ಲಾಂಟ್ ಇನ್ನೂ ಸ್ವಿಚ್ ಆನ್ ಆಗದ ಮಗುವಾದರೆ ಅಮ್ಮನ ಮುಖವೇ ಅದಕ್ಕೆ ಭಾಷೆ. ಅಮ್ಮ ಕಾಣುವ ಕಡೆ ನಿಲ್ಲಲಿ.

ಅಮ್ಮ ಒಳಗೆ ನಿಲ್ಲುವುದಾದರೆ ಲೆಡ್ ಏಪ್ರನ್ ಕಡ್ಡಾಯ. ಬಸಿರೇನಾದರೂ ಇದ್ದಾರಾ ಎಂದು ಕೇಳಲೇಬೇಕು. ಹತ್ತು ಜನರ ಮುಂದೆ ಕೇಳಿದರೆ ಇಲ್ಲ ಅಂತಲೇ ಉತ್ತರ ಬರುತ್ತದೆ. ಬದಿಗೆ ಕರೆದು, “ಅಮ್ಮಾ, ಮುಟ್ಟು ನಿಂತಿದೆಯಾ? ಇದ್ರೆ ಹೇಳಿ, ಅಪ್ಪ ಬಂದು ಹಿಡ್ಕೊಳ್ಳಲಿ” ಅಂತ ಕೇಳಿ.

ಎಡ ಬಲದ ಮಾರ್ಕರ್ ಮರೆಯಬೇಡಿ. ಎಡ ಸುರುಳಿ, ಬಲ ಸುರುಳಿ ಒಂದಕ್ಕೊಂದು ಕನ್ನಡಿಯ ಬಿಂಬ. ಮಾರ್ಕರ್ ಇಲ್ಲದ ಫಿಲ್ಮನ್ನು ತಿರುವಿ ಹಾಕಿ ನೋಡಿದರೆ ಗೊತ್ತೇ ಆಗುವುದಿಲ್ಲ.

ಕೋನ

ಕಾಕ್ಲಿಯಾ ತಲೆಯೊಳಗೆ ನೆಟ್ಟಗೆ ಕೂತಿಲ್ಲ. ಅದರ ನಡುಗಂಬ ಮುಂದಕ್ಕೂ ಹೊರಕ್ಕೂ ಓರೆಯಾಗಿ, ಹೆಚ್ಚು ಕಡಿಮೆ 45 ಡಿಗ್ರಿಯಲ್ಲಿ ನೋಡುತ್ತಿದೆ. ತಲೆಯನ್ನು ಪೂರ್ತಿ ಪಕ್ಕದಿಂದ ಅಥವಾ ಪೂರ್ತಿ ಮುಂದಿನಿಂದ ತೆಗೆದರೆ ಬತ್ತಿಯನ್ನು ಓರೆಯಾಗಿ ನೋಡಿದಂತೆ, ಸುತ್ತುಗಳು ಒಂದರ ಮೇಲೊಂದು ಬೀಳುತ್ತವೆ. ಕಿರಣ ಆ ನಡುಗಂಬದ ಉದ್ದಕ್ಕೇ ಹೋಗಬೇಕು. ಅದಕ್ಕೇ ಸ್ಟೆನ್‌ವರ್ಸ್ ವ್ಯೂ. ಡಚ್ ನರವೈದ್ಯ ಸ್ಟೆನ್‌ವರ್ಸ್ ಇದನ್ನು 1917ರಲ್ಲೇ ಬರೆದಿಟ್ಟರು, ಇಂಪ್ಲಾಂಟ್ ಎಂಬುದೇ ಇಲ್ಲದ ಕಾಲದಲ್ಲಿ. 2000ದಲ್ಲಿ ಮೆಲ್ಬರ್ನಿನ ತಂಡ ಅದನ್ನೇ ಇಂಪ್ಲಾಂಟಿಗೆ ತಕ್ಕಂತೆ ತಿದ್ದಿ ‘ಕಾಕ್ಲಿಯರ್ ವ್ಯೂ’ ಎಂದು ಹೆಸರಿಟ್ಟಿತು.

ದೊಡ್ಡವರಿಗೆ ಹೀಗೆ ಮಾಡಿ. ಪ್ಲೇಟಿಗೆ ಮುಖ ಮಾಡಿ ಕೂರಿಸಿ. ಬಲಗಿವಿಯ ಇಂಪ್ಲಾಂಟ್ ಎಂದುಕೊಳ್ಳಿ. ಮುಖವನ್ನು ಎಡಕ್ಕೆ 45 ಡಿಗ್ರಿ ತಿರುಗಿಸಿ. ಈಗ ಹಣೆ, ಮೂಗು, ಬಲಗೆನ್ನೆಯ ಮೂಳೆ, ಮೂರೂ ಪ್ಲೇಟಿಗೆ ತಾಗಬೇಕು. ಈ ಮೂರು ತಾಗಿದರೆ ಕೋನಮಾಪಕ ಬೇಕಿಲ್ಲ, ಮುಖವೇ ಅಳತೆಗೋಲು. ಗದ್ದ ಎತ್ತಿರಬಾರದು. ಕಣ್ಣಿನ ಕೆಳಗಿನ ಮೂಳೆಯಿಂದ ಕಿವಿತೂತಿಗೆ ಎಳೆದ ಗೆರೆ ಪ್ಲೇಟಿಗೆ ನೇರ ಅಡ್ಡ ಇರಲಿ. ಕಿರಣ ಬರುವ ಟ್ಯೂಬನ್ನು ಹಿಂದಿನಿಂದ 12 ಡಿಗ್ರಿ ಮೇಲ್ಮುಖವಾಗಿ ಓರೆ ಮಾಡಿ. ಚಿಕ್ಕ ಫೋಕಸ್. ಕಿರಣದ ಚೌಕ ಅಂಗೈಯಗಲಕ್ಕಿಂತ ದೊಡ್ಡದು ಬೇಡ. ಇಡೀ ತಲೆಬುರುಡೆ ಯಾರಿಗೂ ಬೇಕಿಲ್ಲ.

ಮಗುವನ್ನು ಹೀಗೆ ಗೋಡೆಗೆ ಒತ್ತಿ ಕೂರಿಸಲು ಆಗುವುದಿಲ್ಲ. ಅಂಗಾತ ಮಲಗಿಸಿ, ಅದೇ 45 ಡಿಗ್ರಿ ಮುಖ ತಿರುಗಿಸಿ, ಟ್ಯೂಬನ್ನು ಈ ಬಾರಿ 10 ಡಿಗ್ರಿ ಕಾಲಿನ ಕಡೆ ಓರೆ ಮಾಡಿ. ಯಾವ ಕಡೆ ತಿರುಗಿಸುವುದು ಎಂದು ತಲೆ ಕೆಡಿಸಿಕೊಳ್ಳಬೇಡಿ: ಕೂತಾಗಲೂ ಮಲಗಿದಾಗಲೂ ಮುಖ ತಿರುಗುವುದು ಇಂಪ್ಲಾಂಟ್ ಇಲ್ಲದ ಕಡೆಗೇ. ತಲೆ ಹಿಂದೆ ಮಡಚಿದ ಟವೆಲ್ ಇಟ್ಟರೆ ಕೋನ ನಿಲ್ಲುತ್ತದೆ. ಆಪರೇಷನ್ ಥಿಯೇಟರಿನಲ್ಲಂತೂ ಮಗು ಆಗಲೇ ಹೀಗೇ ಮಲಗಿರುತ್ತದೆ, ಸಾಮಾನ್ಯವಾಗಿ ಮುಖ ಇನ್ನೂ ಸ್ವಲ್ಪ ಜಾಸ್ತಿ ತಿರುಗಿರುತ್ತದೆ. ಅಲ್ಲಿ ತಲೆ ಮುಟ್ಟಲು ಹೋಗಬೇಡಿ. ಸಿ-ಆರ್ಮನ್ನೇ (ಥಿಯೇಟರಿನಲ್ಲಿ ಬಳಸುವ, ಓಡಾಡಿಸಬಹುದಾದ ಎಕ್ಸ್‌ರೇ ಮೆಷಿನ್ನು) ಓರೆ ಮಾಡಿ, ಪರದೆಯಲ್ಲಿ ಸುರುಳಿ ಬಿಚ್ಚಿಕೊಳ್ಳುವವರೆಗೆ.

ಫಿಲ್ಮ್ ಬಂದ ಮೇಲೆ ಮೊದಲು ಚುಕ್ಕಿ ಎಣಿಸಬೇಡಿ. ಮೊದಲು ಸುರುಳಿ ಗುಂಡಗಿದೆಯಾ ನೋಡಿ. ಮೊಟ್ಟೆಯಂತೆ ಚಪ್ಪಟೆಯಾಗಿದ್ದರೆ ತಪ್ಪು ನಮ್ಮ ಕೋನದ್ದು, ತಂತಿಯದ್ದಲ್ಲ. ಹಾಗೆಂದು ಮಗುವಿಗೆ ಚೆಂದದ ಫಿಲ್ಮಿಗಾಗಿ ಇನ್ನೊಂದು, ಮತ್ತೊಂದು ಅಂತ ತೆಗೆಯುವುದೂ ಬೇಡ. ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂದಾದರೆ ಆ ಫಿಲ್ಮ್ ಸಾಕು.

ಬಾಗಿಲು ಎಲ್ಲಿದೆ

ತಂತಿ ಒಳಹೋಗುವ ಬಾಗಿಲು ರೌಂಡ್ ವಿಂಡೋ (ಕಾಕ್ಲಿಯಾದ ಬುಡದಲ್ಲಿರುವ, ಪೊರೆ ಮುಚ್ಚಿದ ಪುಟ್ಟ ಕಿಂಡಿ) ಅಥವಾ ಅದರ ಪಕ್ಕ ಕೊರೆದ ತೂತು. ತಮಾಷೆಯೆಂದರೆ ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ. ಲೆಕ್ಕ ಹಾಕಿ ಗುರುತಿಸಬೇಕು.

ಸುರುಳಿಯ ಮೇಲೆ, ಹಿಂದುಗಡೆ, ಕಮಾನಿನಂತೆ ಎದ್ದು ನಿಂತ ಒಂದು ಕಪ್ಪು ಗೆರೆ ಹುಡುಕಿ. ಅದು ಸುಪೀರಿಯರ್ ಸೆಮಿಸರ್ಕ್ಯುಲರ್ ಕೆನಾಲ್, ಒಳಗಿವಿಯ ಒಂದು ಅರೆವೃತ್ತದ ನಾಳ. ಅದರ ಬುಡದಲ್ಲಿ ಮಸುಕು ಮಚ್ಚೆಯಂತೆ ವೆಸ್ಟಿಬ್ಯೂಲ್, ಒಳಗಿವಿಯ ನಡುಕೋಣೆ. ಕಮಾನಿನ ನೆತ್ತಿಯಿಂದ ವೆಸ್ಟಿಬ್ಯೂಲಿನ ನಡುವೆ ಹಾದು ಕೆಳಗೆ ಒಂದು ಗೆರೆ ಎಳೆಯಿರಿ. ಆ ಗೆರೆ ತಂತಿಯನ್ನು ಎಲ್ಲಿ ದಾಟುತ್ತದೋ ಅಲ್ಲೇ ಬಾಗಿಲು. ಗೆರೆಯ ಆಚೆ, ಸುರುಳಿಯ ಕಡೆ ಇರುವ ಚುಕ್ಕಿಗಳು ಒಳಗಿವೆ. ಈಚೆ ಇರುವವು ಹೊರಗಿವೆ. ಮೊದಮೊದಲು ಕಮಾನು ಸಿಗುವುದಿಲ್ಲ. ಪರದೆಯ ಬೆಳಕು ಕಮ್ಮಿ ಮಾಡಿ, ಕಾಂಟ್ರಾಸ್ಟ್ ಏರಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ಹತ್ತಿರದಿಂದ ಕಾಣದ್ದು ದೂರದಿಂದ ಕಾಣುತ್ತದೆ.

ಎಷ್ಟು ಆಳ ಎಂಬುದನ್ನು ಮಿ.ಮೀ.ನಲ್ಲಿ ಹೇಳುವುದಕ್ಕಿಂತ ಡಿಗ್ರಿಯಲ್ಲಿ ಹೇಳುವುದು ಒಳ್ಳೆಯದು, ಯಾಕೆಂದರೆ ಎಲ್ಲರ ಚಿಪ್ಪೂ ಒಂದೇ ಗಾತ್ರದ್ದಲ್ಲ. ಸುರುಳಿಯ ನಡುಬಿಂದು ಗುರುತಿಸಿ. ಅಲ್ಲಿಂದ ಬಾಗಿಲಿಗೆ ಒಂದು ಗೆರೆ, ಅದು 0 ಡಿಗ್ರಿ. ಅಲ್ಲಿಂದ ಕೊನೆಯ ಚುಕ್ಕಿಗೆ ಇನ್ನೊಂದು. ತಂತಿ ಒಂದು ಪೂರ್ತಿ ಸುತ್ತು ಬಂದಿದ್ದರೆ 360, ಅದಕ್ಕೆ ಉಳಿದ ಕೋನ ಕೂಡಿಸಿ. ನಮ್ಮ ಸಾಫ್ಟ್‌ವೇರಿನ ಕೋನದ ಟೂಲ್ 180 ದಾಟುವುದಿಲ್ಲ. ಅರ್ಧರ್ಧ ಸುತ್ತು ಅಳೆದು ಪೆನ್ನಿನಲ್ಲಿ ಕೂಡಿಸುತ್ತೇನೆ. ನಡುಗಂಬಕ್ಕೆ ಒತ್ತಿಕೊಂಡು ಕೂರುವ ತಂತಿಗಳು ಸಾಮಾನ್ಯವಾಗಿ ಒಂದು ಸುತ್ತಿಗಿಂತ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತವೆ. 28 ಮಿ.ಮೀ. ಅಥವಾ 31.5 ಮಿ.ಮೀ. ಉದ್ದದವು ಒಂದೂವರೆ ಸುತ್ತು, ಕೆಲವೊಮ್ಮೆ ಇನ್ನೂ ಒಳಕ್ಕೆ. ಆದ್ದರಿಂದ ಯಾವ ಮಾದರಿ ಹಾಕಿದ್ದಾರೆ ಎಂದು ಕೇಳದೆ ಆಳ ಕಮ್ಮಿಯಾಯಿತು ಎಂದು ಬಾಯಿ ಬಿಡಬೇಡಿ.

ಎಣಿಕೆ, ಮತ್ತು ನಾನು ಮಾಡಿದ ತಪ್ಪು

ಕಾಕ್ಲಿಯರ್ ಕಂಪನಿಯ ಇಂಪ್ಲಾಂಟಿನಲ್ಲಿ 22 ಎಲೆಕ್ಟ್ರೋಡ್. ಅಡ್ವಾನ್ಸ್ಡ್ ಬಯೋನಿಕ್ಸ್‌ನದ್ದರಲ್ಲಿ 16. ಮೆಡ್-ಎಲ್‌ನದ್ದರಲ್ಲಿ 12 ಚಾನೆಲ್. ಮೆಡ್-ಎಲ್‌ನ ಕೆಲವು ತಂತಿಗಳಲ್ಲಿ ಒಂದು ಚಾನೆಲ್ಲಿಗೆ ಆಚೀಚೆ ಎರಡು ಚುಕ್ಕಿ ಇರುತ್ತವೆ. ಅಲ್ಲಿ ಜೋಡಿಯನ್ನು ಒಂದೆಂದೇ ಲೆಕ್ಕ ಹಿಡಿಯಿರಿ.

ಇನ್ನೊಂದು ಮಾತು. ಕಾಕ್ಲಿಯರ್‌ನಲ್ಲಿ 1ನೇ ನಂಬರು ಬಾಗಿಲ ಹತ್ತಿರ, 22 ಒಳತುದಿಯಲ್ಲಿ. ಉಳಿದ ಎರಡರಲ್ಲಿ ಉಲ್ಟಾ, 1ನೇ ನಂಬರೇ ಒಳತುದಿ.

ಇದು ನನಗೆ ಕೆಲಸಕ್ಕೆ ಸೇರಿದ ಮೂರನೇ ವರ್ಷ ಗೊತ್ತಿರಲಿಲ್ಲ. ಒಂದು ಹೆಣ್ಣುಮಗುವಿನ ಫಿಲ್ಮಿನಲ್ಲಿ ಎರಡು ಚುಕ್ಕಿ ಬಾಗಿಲಿನಿಂದ ಹೊರಗಿದ್ದವು. ನಾನು ಜಾಣೆಯ ಹಾಗೆ ಕವರ್ ಮೇಲೆ ಪೆನ್ಸಿಲಿನಲ್ಲಿ “1, 2 ಹೊರಗೆ” ಎಂದು ಗೀಚಿಬಿಟ್ಟೆ. ಅದು ಒಳತುದಿಯಿಂದ ಎಣಿಸುವ ಕಂಪನಿಯದ್ದು. ಮ್ಯಾಪಿಂಗ್ ಮಾಡಲು, ಅಂದರೆ ಯಾವ ಚುಕ್ಕಿಗೆ ಎಷ್ಟು ಕರೆಂಟು ಎಂದು ಹೊಂದಿಸಲು, ಕೂತ ಆಡಿಯಾಲಜಿಸ್ಟ್ ಅದನ್ನು ನಂಬಿ 1, 2 ಆಫ್ ಮಾಡಿದ್ದರೆ, ಮಗುವಿಗೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಎರಡು ಒಳಗಿನ ಚಾನೆಲ್ ಹೋಗುತ್ತಿದ್ದವು, ಹೊರಗಿನ ಎರಡು ಸುಮ್ನೆ ಉರಿಯುತ್ತಿದ್ದವು. ಅವರು ಫೋನ್ ಮಾಡಿದರು. “ರೀ, ನನ್ನ ಕಂಪ್ಯೂಟರಿನಲ್ಲಿ ಇಂಪಿಡೆನ್ಸ್ ಏರಿರೋದು 11, 12ರಲ್ಲಿ. ನೀವು 1, 2 ಅಂದಿದ್ದೀರಲ್ಲ?” ಇಂಪಿಡೆನ್ಸ್ ಅಂದರೆ ಚುಕ್ಕಿಯಲ್ಲಿ ಕರೆಂಟು ಹರಿಯಲು ಇರುವ ಅಡ್ಡಿ. ಫಿಲ್ಮ್ ಕೈಯಲ್ಲಿ ಹಿಡಿದು ಇಬ್ಬರೂ ಫೋನಿನಲ್ಲೇ ಎಣಿಸಿದೆವು. ಕಿವಿ ಬಿಸಿಯಾಯಿತು ನನಗೆ. ಅಂದಿನಿಂದ ನಂಬರು ಬರೆಯುವುದಿಲ್ಲ, “ಬಾಗಿಲ ಕಡೆಯ ಎರಡು” ಎಂದೇ ಬರೆಯುತ್ತೇನೆ. ಅದನ್ನು ತಪ್ಪಾಗಿ ಓದಲು ಯಾರಿಗೂ ಆಗುವುದಿಲ್ಲ.

ಮೆಷಿನ್ನು ಸರಿ ಎಂದರೂ ತಂತಿ ಸರಿ ಇರಬೇಕಿಲ್ಲ

ಥಿಯೇಟರಿನಲ್ಲಿ ತಂತಿ ಹಾಕಿದ ಕೂಡಲೇ ಟೆಲಿಮೆಟ್ರಿ, ಅಂದರೆ ಹೊರಗಿನಿಂದ ಕಂಪ್ಯೂಟರಿನಲ್ಲಿ ಚುಕ್ಕಿಗಳ ಪರೀಕ್ಷೆ, ಮಾಡುತ್ತಾರೆ. ಎಲ್ಲ ಚುಕ್ಕಿಗೂ ಹಸಿರು ಬಂದರೆ ಎಲ್ಲರ ಮುಖದಲ್ಲೂ ನಿರಾಳ. ಆದರೆ ಆ ಪರೀಕ್ಷೆ ಹೇಳುವುದು ಚುಕ್ಕಿಗೆ ಕರೆಂಟು ಹರಿಯುತ್ತಿದೆ ಎಂದಷ್ಟೇ. ಚುಕ್ಕಿ ಎಲ್ಲಿ ಕೂತಿದೆ ಎಂದಲ್ಲ. ದ್ರವದಲ್ಲಿ ಮುಳುಗಿದ್ದರೆ ಸಾಕು, ಎಲ್ಲಿದ್ದರೂ ಹಸಿರೇ.

ಒಂದು ಮಧ್ಯಾಹ್ನ ನಾನು ಸಿ-ಆರ್ಮ್ ಹಿಡಿದಿದ್ದೆ. ಟೆಲಿಮೆಟ್ರಿ ಸರಿಯಿತ್ತು, ಸರ್ಜನ್ ಹೊಲಿಗೆಗೆ ಕೈ ಹಾಕುವವರಿದ್ದರು. ಪರದೆಯಲ್ಲಿ ಸುರುಳಿ ಚೆಂದಾಗಿ ಬಂತು, ಆದರೆ ತುದಿಯಲ್ಲಿ ಚುಕ್ಕಿಗಳು ಒತ್ತೊತ್ತಾಗಿ, ಎರಡು ಸಾಲಿನಂತೆ ಕಂಡವು. ಸಿ-ಆರ್ಮನ್ನು ಸ್ವಲ್ಪ ಹೊರಳಿಸಿದೆ. ತುದಿ ದೋಟಿಯ ಕೊಕ್ಕೆಯ ಹಾಗೆ ಹಿಂದಕ್ಕೆ ಮಡಚಿತ್ತು. ಸರ್ಜನ್ ಏನೂ ಮಾತಾಡಲಿಲ್ಲ. ಹೊಲಿಗೆಯ ಸೂಜಿ ಪಕ್ಕಕ್ಕಿಟ್ಟು ಮತ್ತೆ ಮೈಕ್ರೋಸ್ಕೋಪ್ ಎಳೆದುಕೊಂಡರು. ತೆಗೆದು ಮತ್ತೆ ಹಾಕಿದ ಮೇಲೆ ಸಾಲು ಒಂದೇ ಆಯಿತು. ಮಗು ಇನ್ನೂ ನಿದ್ದೆಯಲ್ಲಿದ್ದಾಗಲೇ ಗೊತ್ತಾಗಿದ್ದಕ್ಕೆ ಅಷ್ಟರಲ್ಲೇ ಮುಗಿಯಿತು. ಮನೆಗೆ ಹೋದ ಮೇಲೆ ಗೊತ್ತಾಗಿದ್ದರೆ ಇನ್ನೊಂದು ಆಪರೇಷನ್.

ಹಾಗಾಗಿ ಹುಡುಕಬೇಕಾದ್ದು ಇದು: ಕೊನೆಯ ನಾಲ್ಕೈದು ಚುಕ್ಕಿಗಳ ನಡುವಿನ ಅಂತರ ಕ್ರಮವಾಗಿದೆಯಾ? ಎರಡು ಸಾಲು ಇದೆಯಾ? ಎಣಿಸಿದರೆ ಒಂದೆರಡು ಕಮ್ಮಿ ಬರುತ್ತಿದೆಯಾ? ಕಮ್ಮಿ ಬಂದರೆ ಒಂದರ ಹಿಂದೊಂದು ಅಡಗಿವೆ ಎಂದರ್ಥ. ನಡುವೆ ಎಲ್ಲಾದರೂ ಮೊಣಕೈಯಂತೆ ತಿರುವು ಇದೆಯಾ? ಇನ್ನು ಸುರುಳಿಯೇ ಇಲ್ಲದೆ ತಂತಿ ನೆಟ್ಟಗೆ ಹೋಗಿದ್ದರೆ, ಅಥವಾ ಮೇಲಿನ ಕಮಾನಿನ ಕಡೆ ಏರಿದ್ದರೆ, ಅದು ಕಾಕ್ಲಿಯಾದಲ್ಲೇ ಇಲ್ಲದಿರಬಹುದು. ಹುಟ್ಟಿನಿಂದಲೇ ಒಳಗಿವಿಯ ರಚನೆ ಬೇರೆಯಿರುವ ಮಕ್ಕಳಲ್ಲಿ ತಂತಿ ಕಿವಿಯಿಂದ ಮಿದುಳಿಗೆ ಹೋಗುವ ನರದ ಕಾಲುವೆಗೂ ನುಗ್ಗಬಹುದು. ಅಂಥ ಕೇಸುಗಳಲ್ಲಿ ಥಿಯೇಟರಿನಲ್ಲೇ ಫಿಲ್ಮ್ ತೆಗೆಯದೆ ಬಿಡಬಾರದು ಎಂಬುದು ನನ್ನ ಹಟ.

ಸಿಟಿ ಯಾವಾಗ

ಎಕ್ಸ್‌ರೇಗೆ ಒಂದು ಮಿತಿಯಿದೆ. ಕಾಕ್ಲಿಯಾದ ಕೊಳವೆ ಒಳಗೆ ಮಹಡಿ ಮನೆಯಂತೆ. ಕೆಳಮಹಡಿ ಸ್ಕಾಲಾ ಟಿಂಪನಿ, ಮೇಲ್ಮಹಡಿ ಸ್ಕಾಲಾ ವೆಸ್ಟಿಬ್ಯುಲೈ. ತಂತಿ ಕೆಳಮಹಡಿಯಲ್ಲೇ ಇರಬೇಕು. ಮೇಲಿನಿಂದ ನೋಡುವ ಫಿಲ್ಮಿನಲ್ಲಿ ಯಾವ ಮಹಡಿ ಎಂದು ತಿಳಿಯುವುದಿಲ್ಲ. ಮಗು ನಿರೀಕ್ಷಿಸಿದಷ್ಟು ಕೇಳಿಸಿಕೊಳ್ಳುತ್ತಿಲ್ಲ, ಚುಕ್ಕಿ ಆನ್ ಮಾಡಿದರೆ ಮುಖ ಅದುರುತ್ತದೆ, ಮತ್ತೆ ಆಪರೇಷನ್ ಯೋಚನೆಯಿದೆ, ಇಂಥ ಕಾರಣವಿದ್ದರೆ ಮಾತ್ರ ಸಿಟಿ. ಸುಮ್ನೆ ನೋಡೋಣ ಅಂತ ಮಕ್ಕಳಿಗೆ ಬೇಡ.

ಕೋನ್ ಬೀಮ್ ಸಿಟಿ (ಶಂಕುವಿನಾಕಾರದ ಕಿರಣದಲ್ಲಿ ತೆಗೆಯುವ ಬಗೆ) ಇದ್ದರೆ ಅದೇ ಒಳ್ಳೆಯದು. ಲೋಹದಿಂದಾಗಿ ಚಿತ್ರದಲ್ಲಿ ಮೂಡುವ ಸುಳ್ಳು ಗೆರೆಗಳು ಕಮ್ಮಿ, ಸಾಮಾನ್ಯವಾಗಿ ಡೋಸೂ ಕಮ್ಮಿ. ಆದರೆ ಅಲ್ಲಾಡದೆ ಕೂರಬೇಕು, ಪುಟ್ಟ ಮಕ್ಕಳಿಗೆ ಕಷ್ಟ. ಮಾಮೂಲಿ ಸಿಟಿಯಲ್ಲಾದರೆ ಸ್ಲೈಸ್ 0.6 ಮಿ.ಮೀ. ಅಥವಾ ಅದಕ್ಕಿಂತ ತೆಳು, ಮೂಳೆಯ ಕರ್ನೆಲ್ (ಮೂಳೆ ಚೂಪಾಗಿ ಕಾಣುವ ಸೆಟ್ಟಿಂಗ್), ಜೊತೆಗೆ ಎಚ್‌ಯು (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಹರವನ್ನು ಹಿಗ್ಗಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಎಲ್ಲ ಚುಕ್ಕಿ ಸೇರಿ ಒಂದೇ ಬಿಳಿ ಉಂಡೆ. ತಲೆಯನ್ನು ಹೇಗೆ ಬಾಗಿಸಬೇಕೆಂದರೆ ಚರ್ಮದಡಿಯ ಮ್ಯಾಗ್ನೆಟ್ಟೂ, ಕಣ್ಣಿನ ಲೆನ್ಸೂ ಸ್ಲೈಸಿನಿಂದ ಹೊರಗಿರಬೇಕು.

ನಂತರ ಕಂಪ್ಯೂಟರಿನಲ್ಲಿ ಮೊದಲ ಸುತ್ತಿನ ಉದ್ದಕ್ಕೆ ಒಂದು ತಲ, ಅಂದರೆ ಕತ್ತರಿಸಿ ನೋಡುವ ಮಟ್ಟ, ಹಾಕಿ. ಸೊಳ್ಳೆ ಬತ್ತಿ ಎದುರಿನಿಂದ ಕಂಡಿತು. ಅದಕ್ಕೆ ಅಡ್ಡವಾಗಿ, ನಡುಗಂಬದ ಮೂಲಕ ಇನ್ನೊಂದು ತಲ. ಇಲ್ಲಿ ಕೊಳವೆ ಕತ್ತರಿಸಿದಂತೆ ಗುಂಡಗೆ ಕಾಣುತ್ತದೆ, ಅದರೊಳಗೆ ಒಂದು ಚುಕ್ಕಿ. ಚುಕ್ಕಿ ಬುಡದ ಕಡೆಯ ಅರ್ಧದಲ್ಲಿದ್ದರೆ ಕೆಳಮಹಡಿ. ಚಿಪ್ಪಿನ ತುದಿಯ ಕಡೆಗೆ ಸರಿದಿದ್ದರೆ ಮೇಲಕ್ಕೆ ಹತ್ತಿದೆ. ಮೊದಲ ಸುತ್ತು ಅರ್ಧ ಮುಗಿಯುವ 180 ಡಿಗ್ರಿಯ ಹತ್ತಿರ ಹೆಚ್ಚು ಗಮನ ಕೊಡಿ, ಮಹಡಿ ಹತ್ತುವುದು ಅಲ್ಲೇ ಹೆಚ್ಚು. ಪ್ಲಾಟಿನಂ ಸಿಟಿಯಲ್ಲಿ ತನ್ನ ಗಾತ್ರಕ್ಕಿಂತ ಉಬ್ಬಿ ಕಾಣುತ್ತದೆ. ನಿರ್ಧರಿಸಲಾಗದಿದ್ದರೆ ಆಗಲಿಲ್ಲ ಎಂದೇ ಬರೆಯಿರಿ.

ಎಂಆರ್‌ಐ ಬಗ್ಗೆ ಒಂದೇ ಮಾತು. ಆಪರೇಷನ್‌ಗೆ ಮುಂಚೆ ಕೇಳಿಸುವ ನರ ಇದೆಯಾ ನೋಡಲು ಅದೇ ಬೇಕು. ಆಪರೇಷನ್ ಆದ ಮೇಲೆ ತಲೆಯೊಳಗೆ ಮ್ಯಾಗ್ನೆಟ್ ಇರುತ್ತದೆ. ಇಂಪ್ಲಾಂಟ್ ಕಾರ್ಡ್ ನೋಡಿ, ಆ ಮಾದರಿಗೆ ಕಂಪನಿ ಏನು ಹೇಳಿದೆ ಎಂದು ಖಾತ್ರಿಯಾಗುವವರೆಗೆ ಯಾವ ಕಾರಣಕ್ಕೂ, ಮೊಣಕಾಲಿನ ಎಂಆರ್‌ಐ ಆದರೂ, ಆ ಕೋಣೆಯೊಳಗೆ ಬಿಡಬೇಡಿ.

ಕವರ್ ಮೇಲೆ ಏನು ಬರೆಯುವುದು

ರೇಡಿಯಾಲಜಿಸ್ಟ್‌ಗೆ ಫಿಲ್ಮ್ ಕಳಿಸುವಾಗ ನಾನು ಇಷ್ಟು ಬರೆದಿಡುತ್ತೇನೆ: “ಬಲಗಿವಿ. ಸ್ಟೆನ್‌ವರ್ಸ್, ಮಲಗಿಸಿ. ಆಪರೇಷನ್ ಆಗಿ 1 ದಿನ. ಮಾದರಿ ಇಂಥದ್ದು, ಒಟ್ಟು 22. ಎಣಿಸಿದಾಗ 22. ಎಲ್ಲವೂ ಬಾಗಿಲ ಒಳಗೆ. ಸುಮಾರು 390 ಡಿಗ್ರಿ. ತುದಿ ಮಡಚಿಲ್ಲ.” ಎರಡನೇ ಸಲ ನೋಡಿ ಅವರು ತಿದ್ದುತ್ತಾರೆ, ಆದರೆ ಹುಡುಕುವ ಕೆಲಸ ಅರ್ಧ ಆಗಿರುತ್ತದೆ.

ಈ ಮೊದಲ ಫಿಲ್ಮನ್ನು ಅಪ್ಪ ಅಮ್ಮ ಜೋಪಾನ ಮಾಡಬೇಕು. ಮುಂದೆ ಮಗು ಬಿದ್ದು ತಲೆಗೆ ಪೆಟ್ಟಾದರೆ, ಅಥವಾ ಚೆನ್ನಾಗಿ ಕೇಳುತ್ತಿದ್ದದ್ದು ಇದ್ದಕ್ಕಿದ್ದಂತೆ ಕಮ್ಮಿಯಾದರೆ, ತಂತಿ ಸರಿದಿದೆಯಾ ಎಂದು ಹೋಲಿಸಲು ಇದೇ ಬೇಕು. ಈಗಿನ ಫಿಲ್ಮುಗಳು ಬಿಸಿಗೆ ಕಪ್ಪಾಗುತ್ತವೆ. ಚಾಮರಾಜನಗರ ಕಡೆಯ ಒಬ್ಬ ತಾಯಿ ದೇವರ ಪಟದ ಹಿಂದೆ ಭದ್ರವಾಗಿ ಇಟ್ಟಿದ್ದರು, ಕೆಳಗೆ ದಿನಾ ದೀಪ. ಎರಡು ವರ್ಷದ ಮೇಲೆ ತಂದಾಗ ಸುರುಳಿಯ ಅರ್ಧ ಮಾಯವಾಗಿತ್ತು. ಅದಕ್ಕೆ ಈಗ ಫಿಲ್ಮ್ ಕೊಡುವಾಗಲೇ ಕಿಟಕಿಯ ಬೆಳಕಿಗೆ ಹಿಡಿದು ಅವರ ಮೊಬೈಲಿನಲ್ಲೇ ಒಂದು ಫೋಟೋ ತೆಗೆದುಕೊಡುತ್ತೇನೆ, ಮಾರ್ಕರ್, ತಾರೀಖು ಕಾಣುವ ಹಾಗೆ.